ಕಂಬದ ಬುಡದ ಉಪ್ಪು

ರಾಯದುರ್ಗದ ದೊಡ್ಡತಿಮ್ಮಪ್ಪನ ಮನೆಯಲ್ಲಿ ಆ ವರ್ಷ ಮಹಾನವಮಿಗೆ ಮುಂಚೆ ಬಹಳ ಘನವಾದ ಪ್ರಶ್ನೆಯೊಂದು ಎದ್ದು ನಿಂತಿತು. ತೆಲುಗು ರಾಜ್ಯ ಎರಡಾಗುವ ಮಾತು ಟಿ.ವಿ.ಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿದ್ದ ಕಾಲ ಅದು. ಆದರೆ ಈ ಮನೆಯ ಪ್ರಶ್ನೆಯ ಮುಂದೆ ರಾಜ್ಯದ ಪ್ರಶ್ನೆ ಸಣ್ಣದಾಗಿ ಕಾಣುತ್ತಿತ್ತು. ಮಹಡಿಗೆ ಹತ್ತುವ ಕಬ್ಬಿಣದ ಮೆಟ್ಟಿಲಿಗೆ ಈ ಸಲ ಯಾವ ಬಣ್ಣ ಹಚ್ಚಬೇಕು ಎಂಬುದೇ ಆ ಪ್ರಶ್ನೆ.

ನವಿಲು ಹಸಿರು ಎಂದ ದೊಡ್ಡತಿಮ್ಮಪ್ಪ. ಕಾಫಿ ಬಣ್ಣ ಎಂದ ಮಗ ರಾಮಾಂಜಿನೇಯ. ಮೂರು ದಿನದಿಂದ ಅಪ್ಪ ಮಗ ಮುಖ ಕೊಟ್ಟು ಮಾತಾಡಿರಲಿಲ್ಲ. ಒಂದೇ ಸಾಲಿನಲ್ಲಿ ಊಟಕ್ಕೆ ಕೂತಾಗಲೂ ಅಪ್ಪ ಹೆಂಡತಿಯ ಕಡೆ ತಿರುಗಿ, "ಪಾಲಮ್ಮ, ಆ ಸಾರಿನ ಬೋಗುಣಿ ಈ ಕಡಿ ಸರಸು ಅಂತ ಅವಗ ಹೇಳು" ಎನ್ನುತ್ತಿದ್ದ.

ಪಾಲಮ್ಮನಿಗೆ ಬಣ್ಣದ ಚಿಂತೆ ಇರಲಿಲ್ಲ. ಅವಳಿಗಿದ್ದದ್ದು ಸದ್ದಿನ ಭಯ.

ಆ ಮನೆಯಲ್ಲಿ ಕೆಳಗೆ ಸಂಸಾರ, ಮೇಲೆ ಜೀನ್ಸ್. ಮೇಲಿನ ಒಂದೇ ಕೋಣೆಯಲ್ಲಿ ಆರು ಹೊಲಿಗೆ ಮಿಷನ್ನುಗಳು. ಬಳ್ಳಾರಿಯಿಂದ ಕತ್ತರಿಸಿದ ಬಟ್ಟೆ ಗಂಟು ಗಂಟಾಗಿ ಬರುತ್ತಿತ್ತು, ಪ್ಯಾಂಟಾಗಿ ವಾಪಸು ಹೋಗುತ್ತಿತ್ತು. ಹೊಲಿಯಲು ಓಣಿಯ ನಾಲ್ವರು ಹೆಂಗಸರು, ಅವರ ಜೊತೆ ಸೊಸೆ ಸಂಧ್ಯಾ. ಹತ್ತಲು ಇಳಿಯಲು ಇದ್ದದ್ದು ಒಂದೇ ದಾರಿ, ಹೊರಗಿನ ಹದಿನೆಂಟು ಮೆಟ್ಟಿಲು. ಅದರ ಒಂದು ಮಗ್ಗುಲು ಗೋಡೆಗೆ ಕಚ್ಚಿಕೊಂಡಿತ್ತು. ಇನ್ನೊಂದು ಮಗ್ಗುಲನ್ನು ಎರಡು ಕಬ್ಬಿಣದ ಕಂಬಗಳು ಹೊತ್ತಿದ್ದವು. ಹನ್ನೊಂದು ವರ್ಷದ ಹಿಂದೆ ಓಬಳಾಪುರದ ಕಡೆ ಯಾವುದೋ ಹಳೆಯ ಶೆಡ್ ಬಿಚ್ಚಿದಾಗ ದೊಡ್ಡತಿಮ್ಮಪ್ಪ ಗುಜರಿಯಲ್ಲಿ ಆರಿಸಿ ತಂದ ಕಬ್ಬಿಣ ಅದು. ತಂದವನು ಕಂಬಗಳನ್ನು ನೆಲದಲ್ಲಿ ಗುಂಡಿ ತೋಡಿ ಮಣ್ಣಲ್ಲೇ ಹೂತು ನಿಲ್ಲಿಸಿದ್ದ. ಪ್ರತಿ ಆಯುಧಪೂಜೆಗೂ ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿಯುತ್ತಿದ್ದ. ಬಣ್ಣ ಹಪ್ಪಳದಂತೆ ಉಬ್ಬಿದ ಕಡೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿ ಅದರ ಮೇಲೂ ಬಳಿಯುತ್ತಿದ್ದ.

ಆಷಾಢದ ಮಳೆ ಬಂದು ಹೋದ ಮೇಲೆ ಸದ್ದು ಶುರುವಾಯಿತು. ಕೆಳಗಿನಿಂದ ಏಳನೆಯ ಮೆಟ್ಟಿಲಿನ ಮೇಲೆ ಕಾಲಿಟ್ಟರೆ ಕಿರ್ರ್ ಎನ್ನುವುದು, ಕಾಲೆತ್ತಿದರೆ ಟಕ್ ಎನ್ನುವುದು. ಪಾಲಮ್ಮ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಲೇ ಎಣಿಸುತ್ತಿದ್ದಳು. ಐದು, ಆರು, ಕಿರ್ರ್. ಕೋಲು ಹಿಡಿದ ಕೈ ಅಲ್ಲೇ ನಿಲ್ಲುತ್ತಿತ್ತು. ಎಂಟನೆಯ ಹೆಜ್ಜೆ ಕೇಳಿದ ಮೇಲೆಯೇ ಕೋಲು ಮತ್ತೆ ತಿರುಗುತ್ತಿತ್ತು. ಸಂಧ್ಯಾ ಆಗ ನಾಲ್ಕು ತಿಂಗಳ ಬಸುರಿ. ದಿನಕ್ಕೆ ಆರು ಸಲ ಹತ್ತುತ್ತಿದ್ದಳು, ಆರು ಸಲ ಇಳಿಯುತ್ತಿದ್ದಳು.

"ಏನ್ರಿ, ಆ ಮೆಟ್ಟಿಲು ಒಂದೀಟು ಯಾರಿಗಾದ್ರೂ ತೋರಸ್ರಿ" ಎಂದು ಪಾಲಮ್ಮ ಗಂಡನಿಗೆ ಹೇಳಿದಳು.

"ಗಣಿ ಸೀಮಿ ಕಬ್ಬಿಣ ಅದು. ನನಗಿಂತ ಗಟ್ಟಿ ಐತಿ."

"ನಿಮಗ ಮೊಣಕಾಲು ನೋವೈತಲ್ರಿ."

"ಮೊಣಕಾಲು ಬ್ಯಾರೆ, ಕಬ್ಬಿಣ ಬ್ಯಾರೆ. ಸದ್ದು ಮಾಡಿದ್ರ ಒಂದೀಟು ಎಣ್ಣಿ ಬಿಡು."

ಪಕ್ಕದ ಮನೆಯ ಉಜ್ಜಿನಮ್ಮ ಬೇರೆ ಕಾರಣ ಹೇಳಿದಳು. "ಕಣ್ಣು ಬಿದ್ದೈತಿ ಪಾಲಕ್ಕ. ಬಸುರಿ ಹೆಣ್ಮಗಳು ನಾಕು ಮಂದಿ ಎದುರಿಗೆ ಹತ್ತತಾಳ, ಇಳೀತಾಳ. ಓಣಿ ಕಣ್ಣೆಲ್ಲ ಆ ಮೆಟ್ಟಿಲ ಮ್ಯಾಲೇ ಐತಿ."

"ಕಬ್ಬಿಣಕ್ಕೂ ಕಣ್ಣು ಬೀಳ್ತದೇನ ಉಜ್ಜಿನಿ?"

"ಕಲ್ಲಿಗೇ ಬೀಳ್ತದ. ಕಬ್ಬಿಣ ಯಾವ ಲೆಕ್ಕ."

ಹೆದರಿದವರಿಗೆ ಕೈಗೆ ಸಿಕ್ಕ ಕಾರಣವೇ ಸರಿ. ಪಾಲಮ್ಮ ಮಂಗಳವಾರ ಮತ್ತು ಶುಕ್ರವಾರ ಸೊಸೆಯನ್ನು ಮೆಟ್ಟಿಲ ಮುಂದೆ ನಿಲ್ಲಿಸಿ, ಮುಷ್ಟಿ ತುಂಬ ಕಲ್ಲುಪ್ಪು ಹಿಡಿದು, ಬಲಕ್ಕೆ ಮೂರು ಎಡಕ್ಕೆ ಮೂರು ಸುತ್ತು ಇಳಿಸಿ ದೃಷ್ಟಿ ತೆಗೆಯತೊಡಗಿದಳು. ದೃಷ್ಟಿ ತೆಗೆದ ಉಪ್ಪನ್ನು ಯಾರೂ ತುಳಿಯಬಾರದು. ಅಂಗಳದಲ್ಲಿ ಯಾರ ಕಾಲೂ ಬೀಳದ ಜಾಗ ಒಂದೇ, ಏಳನೆಯ ಮೆಟ್ಟಿಲಿನ ಕೆಳಗಿನ ಕಂಬದ ಬುಡದ ಗುಂಡಿ. ಉಪ್ಪನ್ನು ಅಲ್ಲಿ ಸುರಿದು, ಕರಗಲಿ ಎಂದು ಮೇಲೊಂದು ಚೊಂಬು ನೀರು ಹಾಕುತ್ತಿದ್ದಳು.

ಶ್ರಾವಣದಲ್ಲಿ ಸದ್ದು ಜೋರಾಯಿತು. ಅವಳು ಅಮಾವಾಸ್ಯೆ, ಭಾನುವಾರಗಳನ್ನೂ ಸೇರಿಸಿದಳು. ಭಾದ್ರಪದದಲ್ಲಿ ಏಳನೆಯ ಮೆಟ್ಟಿಲಿನ ಜೊತೆ ಎಂಟನೆಯದೂ ಕಿರುಗುಟ್ಟಿತು. ದಿನಾ ಬೆಳಿಗ್ಗೆ ಉಪ್ಪು ಇಳಿಸುವುದಾಯಿತು. ಭಯ ಹೆಚ್ಚಿದಂತೆ ಉಪ್ಪು ಹೆಚ್ಚಿತು. ಉಪ್ಪು ಹೆಚ್ಚಿದಂತೆ ಸದ್ದು ಹೆಚ್ಚಿತು. ಈ ಎರಡನೆಯ ಸಂಗತಿಯನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಗಮನಿಸಿದ್ದು ಪ್ಯಾಂಟುಗಳು. ನವಮಿಗೆ ಮೂರು ದಿನ ಇರುವಾಗ ತಿಳಿನೀಲಿ ಪ್ಯಾಂಟಿನ ಗಂಟೊಂದು ಬಳ್ಳಾರಿಯಿಂದ ವಾಪಸು ಬಂತು. ಪ್ರತಿಯೊಂದರ ಮೇಲೂ ಕಂದು ಕಲೆ. ರಾಮಾಂಜಿನೇಯ ಮಿಷನ್ ಎಣ್ಣೆಯನ್ನು ಬೈದ. ಸಂಧ್ಯಾ ಕಲೆಯನ್ನು ಉಗುರಿನಿಂದ ಕೆರೆದು ನೋಡಿದಳು.

"ಎಣ್ಣೆ ಕಲೆ ಅಲ್ಲ ಕಣ್ರೀ ಇದು, ತುಕ್ಕು. ಮಿಷನ್ನಿಗೆ ದಿನಾ ಎಣ್ಣೆ ಒರೆಸ್ತೀವಿ, ಅದ್ರಾಗೆ ತುಕ್ಕಿಲ್ಲ. ಗಂಟು ಇಳಿಸಾಗ ಸುಸ್ತಾಯ್ತು ಅಂತ ಏಳನೇ ಮೆಟ್ಲ ಮೇಲೆ ಇಡ್ತೀವಲ್ಲ, ಅಲ್ಲಿಂದ ಬಂದೈತೆ."

ಅವಳೇ ಹೋಗಿ ಮೆಟ್ಟಿಲಿನ ಅಡಿಗೆ ಬೆರಳು ಹಾಕಿದಳು. ಬೆರಳಿಗೆ ಮರದ ತೊಗಟೆಯಂಥ ಕಂದು ಚಕ್ಕೆ ಬಂತು. ಚಕ್ಕೆಯನ್ನು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡು, ಅವತ್ತೇ ಜುಂಜಣ್ಣನಿಗೆ ಫೋನು ಮಾಡಿದಳು.

ಜುಂಜಣ್ಣ ಅವಳ ತವರಿನ ಕಡೆಯವನು, ಮಡಕಶಿರಾ ಸೀಮೆಯ ರತ್ನಗಿರಿಯವನು. ಊರಿನವರು ಗಾರ್ಮೆಂಟ್ಸಿಗೆ ಎಂದು ಬೆಂಗಳೂರು ಬಸ್ಸು ಹತ್ತಿದ ಕಾಲದಲ್ಲೇ ಅವನೂ ಹತ್ತಿದ್ದ. ಆದರೆ ಅವನು ಬಟ್ಟೆ ಹೊಲಿಯಲಿಲ್ಲ. ಅದೇ ಕಾರ್ಖಾನೆಗಳ ಶೆಡ್ಡು, ಏಣಿ, ಮೆಟ್ಟಿಲುಗಳನ್ನು ಬೆಸೆದ. ಈಗ ಕಣೇಕಲ್ಲು ರಸ್ತೆಯಲ್ಲಿ ಅವನದೇ ವೆಲ್ಡಿಂಗ್ ಅಂಗಡಿ. "ನಾಳಿದ್ದು ಬೆಳಿಗ್ಗೆ ಬತ್ತೀನಿ ಕಣವ್ವ" ಎಂದ.

ನಾಳಿದ್ದು ಎಂದರೆ ಪೂಜೆಯ ಹಿಂದಿನ ದಿನ. ಅದೇ ಸಂಜೆ ಹೊಸ ಮಿಷನ್ನೊಂದು ಬರುವುದಿತ್ತು. ನಾಲ್ವರು ಗಂಡಸರು ಅದನ್ನು ಹೆಗಲ ಮೇಲೆ ಮಹಡಿಗೆ ಹೊರಬೇಕಿತ್ತು. ಮಾರನೆಯ ದಿನ ಓಣಿಯ ಹೆಂಗಸರೆಲ್ಲ ಪೂಜೆಗೆ ಮೇಲೆ ಹತ್ತಬೇಕಿತ್ತು.

ಜುಂಜಣ್ಣ ಬಂದಾಗ ಹನ್ನೊಂದು ಗಂಟೆ. ಪಾಲಮ್ಮ ಅಂದಿನ ಉಪ್ಪಿಗೆ ನೀರು ಹಾಕಿ ಚೊಂಬು ಕೆಳಗಿಡುತ್ತಿದ್ದಳು. ಮೇಲೆ ಮಿಷನ್ನುಗಳು ಒಟ್ಟಿಗೆ ಓಡುತ್ತಿದ್ದವು. ಅವನು ಚೀಲದಿಂದ ಸಣ್ಣ ಸುತ್ತಿಗೆ ತೆಗೆದು ಕಂಬವನ್ನು ಎದೆಯೆತ್ತರದಿಂದ ಕೆಳಕ್ಕೆ ತಟ್ಟುತ್ತ ಬಂದ. ಟಿಣ್. ಟಿಣ್. ಟಿಣ್. ಮೊಣಕಾಲಿನ ಹತ್ತಿರ ಬಂದಾಗ ಸದ್ದು ಬದಲಾಯಿತು. ದಪ್.

ಅವನು ಕುಕ್ಕರುಗಾಲಲ್ಲಿ ಕೂತು ಸ್ಕ್ರೂಡ್ರೈವರ್ ತೆಗೆದ. ನವಿಲು ಹಸಿರು ಬಣ್ಣ ಉಬ್ಬಿದ ಜಾಗಕ್ಕೆ ಅದರ ತುದಿ ಇಟ್ಟು ಅಂಗೈಯಿಂದ ಮೆಲ್ಲಗೆ ಒತ್ತಿದ. ಬಿಸಿ ಮುದ್ದೆಗೆ ಬೆರಳು ಇಳಿದಂತೆ ಹಿಡಿಯವರೆಗೆ ಇಳಿಯಿತು. ಇನ್ನೊಂದು ಕಂಬಕ್ಕೂ ಹೋಗಿ ತಟ್ಟಿ ಬಂದ. ಅದು ಟಿಣ್ ಎಂದಿತು.

"ಅಮ್ಮಾ, ಮೇಲೆ ಎಷ್ಟು ಜನ ಅವ್ರೆ?"

"ಐದು ಮಂದಿ. ನನ್ನ ಸೊಸಿ ಸೇರಿ. ಯಾಕಪ್ಪ?"

ಜುಂಜಣ್ಣ ಎದ್ದು ನಿಂತ. ಮೇಲೆ ನೋಡಿದ, ಉಜ್ಜಿನಮ್ಮನ ಮನೆಯ ಕಡೆ ನೋಡಿದ. ಪಾಲಮ್ಮ ಕಂಬದ ಮೇಲೆ ಕೈಯಿಟ್ಟಳು. ಮಿಷನ್ನುಗಳ ನಡುಕ ಗೋಡೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಕಂಬಕ್ಕೆ ಇಳಿದು ಅವಳ ಅಂಗೈಗೆ ಬರುತ್ತಿತ್ತು. ಮೂರು ತಿಂಗಳಿಂದ ಕಿವಿಯಲ್ಲಿದ್ದ ಭಯ ಈಗ ಕೈಗೇ ಸಿಕ್ಕಿತು.

"ಕೂಗ್ಬೇಡಿ" ಎಂದ ಅವನು. "ಕೂಗಿದ್ರೆ ಎಲ್ಲಾರೂ ಒಂದೇ ಸಲ ಓಡಿ ಬತ್ತಾರೆ. ಒಂದೇ ಸಲ ಬರಂಗಿಲ್ಲ."

ಅಷ್ಟರಲ್ಲಿ ದೊಡ್ಡತಿಮ್ಮಪ್ಪ ಬಣ್ಣದ ಡಬ್ಬಿ ಹಿಡಿದು ಬಂದ. ನವಿಲು ಹಸಿರೇ. ಮಗ ಬಳ್ಳಾರಿಗೆ ಹೋದ ಸಮಯ ನೋಡಿ ತಂದಿದ್ದ. ವಿಷಯ ಕೇಳಿ ನಕ್ಕ.

"ಏಮಿ ಕಾದು, ಏನೂ ಆಗಂಗಿಲ್ಲ. ವೆಲ್ಡಿಂಗ್‌ನವ್ರಿಗೆ ಲೋಕದಾಗಿನ ಕಬ್ಬಿಣ ಎಲ್ಲಾ ಕೆಟ್ಟಿರ್ತದ. ಎರಡು ಕೈ ಬಣ್ಣ ಹೊಡದ್ರ ಮತ್ತ ಹತ್ತು ವರ್ಷ ನಿಲ್ತದ. ತಡಿ, ನಾನ ಹತ್ತಿ ತೋರಸ್ತೀನಿ."

ಪಾಲಮ್ಮ ಮೆಟ್ಟಿಲಿಗೆ ಅಡ್ಡ ನಿಂತಳು. ಮದುವೆಯಾದ ಮೂವತ್ತು ವರ್ಷದಲ್ಲಿ ಗಂಡನಿಗೆ ಅಡ್ಡ ನಿಂತದ್ದು ಅದೇ ಮೊದಲು.

"ಅಲ್ಲೇ ನಿಂದರ್ರಿ. ಬಿದ್ರ ನೀವೊಬ್ರ ಬೀಳಂಗಿಲ್ಲ. ಮ್ಯಾಲಿನವ್ರು ಇಳಿಯೋ ದಾರಿನೂ ಕರಕೊಂಡು ಬೀಳ್ತೀರಿ."

ದೊಡ್ಡತಿಮ್ಮಪ್ಪ ಮೇಲೆ ನೋಡಿದ. ಡಬ್ಬಿ ಕೆಳಗಿಟ್ಟ.

ಉಜ್ಜಿನಮ್ಮನ ಮನೆಯ ಹೊಸ ಕೋಣೆಗೆ ಆಗ ತಾರಸಿ ಹಾಕುತ್ತಿದ್ದರು. ಸೆಂಟ್ರಿಂಗ್‌ಗೆಂದು ತಂದ ಸರ್ವೆ ಕಟ್ಟಿಗೆಗಳು ಅಂಗಳದಲ್ಲಿ ಬಿದ್ದಿದ್ದವು. ಜುಂಜಣ್ಣ ಮೂರನ್ನು ಎಳೆದು ತಂದು, ಬುಡಕ್ಕೆ ಹಲಗೆ ಕೊಟ್ಟು, ಏಳನೆಯ ಮೆಟ್ಟಿಲಿನ ಅಡಿಗೆ ಊರುಗೋಲಾಗಿ ನಿಲ್ಲಿಸಿದ. ಒಂದನ್ನು ಪಾಲಮ್ಮ, ಒಂದನ್ನು ದೊಡ್ಡತಿಮ್ಮಪ್ಪ, ಇನ್ನೊಂದನ್ನು ಅವನು ಹಿಡಿದರು. ಮೇಲಿನವರಿಗೆ ವಿಷಯ ಹೇಳಿದ್ದು ಉಜ್ಜಿನಮ್ಮ, ತನ್ನ ಮನೆಯ ಮಾಳಿಗೆಯಿಂದ. ಮೆಲ್ಲಗೆ ಹೇಳು ಎಂದರೂ ಅವಳ ಮೆಲುದನಿ ಮೂರು ಮನೆಗೆ ಕೇಳಿತು. ಮಿಷನ್ನುಗಳು ಒಂದೊಂದಾಗಿ ನಿಂತವು.

"ಮೊದ್ಲು ನನ್ನ ಸೊಸಿನ ಇಳಸಪ್ಪ" ಎಂದಳು ಪಾಲಮ್ಮ.

"ಮೊದ್ಲು ಬ್ಯಾಡಮ್ಮ. ಒಬ್ರು ಇಳಿದ್ಮೇಲೆ ಊರುಗೋಲು ಕೂತ್ಕಂಡೈತಾ ಅಂತ ನೋಡ್ತೀನಿ. ಆಮೇಲೆ ಅವಳು."

ಹೊಲಿಯುವ ಶಿವಲಕ್ಷ್ಮಿ ಎಂಬಾಕೆ, "ಪರವಾಲೇದು, ನಾನ ಇಳೀತೀನಿ. ನನ್ನ ತೂಕ ಎಷ್ಟು ಮಹಾ" ಎನ್ನುತ್ತ ಬಾಗಿಲಿಗೆ ಬಂದಳು. ಜುಂಜಣ್ಣ ಹೇಳಿದಂತೆ ಗೋಡೆಗೆ ಬೆನ್ನು ಒತ್ತಿ, ಅಡ್ಡಡ್ಡ ಹೆಜ್ಜೆ ಇಡುತ್ತ ಇಳಿದಳು. ಏಳನೆಯದರ ಮೇಲೆ ಕಿರ್ರ್ ಎಂದಿತು. ಊರುಗೋಲು ಅರ್ಧ ಬೆರಳು ಮಣ್ಣಿಗೆ ಕುಸಿದು ನಿಂತಿತು. ಜುಂಜಣ್ಣ ಬುಡಕ್ಕೆ ಇನ್ನೊಂದು ಹಲಗೆ ಬಡಿದ.

ಆಮೇಲೆ ಸಂಧ್ಯಾ.

ಪಾಲಮ್ಮನಿಗೆ ಕೆಳಗಿನಿಂದ ಕಾಣುತ್ತಿದ್ದದ್ದು ಸೊಸೆಯ ಪಾದಗಳು ಮಾತ್ರ. ಏಳು ತಿಂಗಳ ಬಸುರಿಯ ಊದಿದ ಪಾದ, ಬಿಗಿಯಾದ ಕಾಲುಂಗುರ. ಒಂದು ಪಾದ ಇಳಿಯುವುದು, ಬೆರಳುಗಳು ಮೆಟ್ಟಿಲನ್ನು ತಡವುವುದು, ಇನ್ನೊಂದು ಪಾದ ಬಂದು ಜೊತೆಗೂಡುವುದು. ಪಾಲಮ್ಮ ಎಣಿಸಿದಳು. ಹನ್ನೊಂದು. ಹತ್ತು. ಒಂಬತ್ತು. ಎಂಟನೆಯದು ಕಿರುಗುಟ್ಟಿದಾಗ ಪಾದಗಳು ನಿಂತುಬಿಟ್ಟವು.

"ನಿಲ್ಲಬ್ಯಾಡ ಕಣವ್ವ" ಎಂದ ಜುಂಜಣ್ಣ. "ಗೋಡೆ ಕಡೆ ಭಾರ ಬಿಡು."

ಏಳು. ಸರ್ವೆ ಕಟ್ಟಿಗೆ ಪಾಲಮ್ಮನ ಕೈಯಲ್ಲಿ ತಿರುಚಿದಂತಾಯಿತು. ಕಂದು ಪುಡಿ ಉದುರಿ ಅವಳ ಮುಖದ ಮೇಲೆ, ತುಟಿಯ ಮೇಲೆ ಬಿತ್ತು. ಅವಳು ಕಣ್ಣು ಮುಚ್ಚಿದಳು. ಎಣಿಕೆ ತಪ್ಪಿತು. ಎಷ್ಟು ಹೊತ್ತಾಯಿತೋ ಗೊತ್ತಾಗಲಿಲ್ಲ.

"ಅತ್ತೆ, ಕಣ್ಣು ಬಿಡ್ರಿ. ನಾನು ಇಳಿದಾಯ್ತು" ಎಂದು ಸಂಧ್ಯಾ ಪಕ್ಕದಲ್ಲಿ ನಿಂತು ಹೇಳಿದಳು.

ಉಳಿದ ಮೂವರೂ ಇಳಿದರು. ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಅದನ್ನು ಆರಿಸಲು ಯಾರೂ ಹೋಗಲಿಲ್ಲ.

ದೊಡ್ಡತಿಮ್ಮಪ್ಪನಿಗೆ ಈಗ ಧೈರ್ಯ ಮರಳಿತು. "ಬೀಳಲಿಲ್ಲಲ್ಲ ಮತ್ತ" ಎಂದ.

ಜುಂಜಣ್ಣ ಊರುಗೋಲುಗಳನ್ನು ಬಿಗಿ ಮಾಡಿ, ಕಂಬಕ್ಕೆ ಹಗ್ಗ ಕಟ್ಟಿ, ತುದಿಯನ್ನು ಯಜಮಾನನ ಕೈಗೇ ಕೊಟ್ಟ. "ಎಳೀರಿ ಯಜಮಾನ್ರೆ. ಜೋರಾಗಿ ಬ್ಯಾಡ." ದೊಡ್ಡತಿಮ್ಮಪ್ಪ ಎಮ್ಮೆಯ ಹಗ್ಗ ಎಳೆದಷ್ಟೇ ಎಳೆದ. ಗಣಿ ಸೀಮೆಯ ಕಂಬ ಬುಡದಲ್ಲಿ ಜೋಳದ ದಂಟಿನಂತೆ ಮುರಿದು ಅವನ ಕಾಲ ಬಳಿ ಬಂತು.

ಮುರಿದ ಜಾಗದಲ್ಲಿ ಬಣ್ಣ ಹಾಗೇ ಇತ್ತು, ಹನ್ನೊಂದು ವರ್ಷದ ಪದರ ಪದರ. ಒಳಗೆ ಕಬ್ಬಿಣ ಇರಲಿಲ್ಲ. ಇಷ್ಟು ದಿನ ಮೆಟ್ಟಿಲನ್ನು ಹೊತ್ತು ನಿಂತದ್ದು ಹೆಚ್ಚು ಕಡಿಮೆ ಬಣ್ಣವೇ. ಗುಂಡಿಯಲ್ಲಿ ಕೆಂಪು ಕೆಸರು, ಅದರ ಅಂಚಿಗೆ ಬಿಳಿ ಹಕ್ಕಳೆ.

ಜುಂಜಣ್ಣ ಬಿಳಿಯದನ್ನು ಬೆರಳಿಗೆ ಹಚ್ಚಿ ನಾಲಗೆಗೆ ಮುಟ್ಟಿಸಿದ. "ಉಪ್ಪು. ಇಲ್ಯಾರು ಉಪ್ಪು ಹಾಕ್ದೋರು?"

ಉಜ್ಜಿನಮ್ಮ ತನಗೆ ಒಲೆಯ ಮೇಲೆ ಹಾಲಿದೆ ಎಂದು ನೆನಪು ಮಾಡಿಕೊಂಡು ಹೋದಳು.

"ನಾನ ಹಾಕಿದ್ದಪ್ಪ" ಎಂದಳು ಪಾಲಮ್ಮ. ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಸೊಸಿಗೆ ಏನೂ ಆಗಬಾರದು ಅಂತ ಹಾಕಿದೆ."

"ತಪ್ಪು ನಿಮ್ಮೊಬ್ರದೇ ಅಲ್ಲಮ್ಮ, ಅಳಬ್ಯಾಡಿ" ಎಂದ ಜುಂಜಣ್ಣ. "ಕಬ್ಣಕ್ಕೆ ನೀರು ಬೇಕು, ಗಾಳಿ ಬೇಕು, ಎರಡೂ ಸಿಕ್ರೆ ತುಕ್ಕು. ಉಪ್ಪು ಬಿತ್ತು ಅಂದ್ರೆ ಹತ್ತು ವರ್ಷದ ಕೆಲ್ಸ ಒಂದೆರಡು ವರ್ಷಕ್ಕೇ ಮುಗೀತದೆ. ನಿಮ್ಮ ಮೂರು ತಿಂಗಳ ಉಪ್ಪು ಕಡೇ ತುತ್ತು. ಮೊದ್ಲನೇ ತುತ್ತು ಯಜಮಾನ್ರದ್ದು. ಮಣ್ಣಲ್ಲಿ ಹೂತ್ರಲ್ಲ, ಬುಡ ಯಾವತ್ತೂ ಹಸಿನೇ ಇರ್ತದೆ. ತುಕ್ಕಿನ ಮೇಲೆ ಬಣ್ಣ ಹಚ್ಚಿದ್ರಲ್ಲ, ಅದು ಕೊಳೆತ ಹಲ್ಲಿಗೆ ಸುಣ್ಣ ಬಳಿದಂಗೆ. ಹೊರಗೆ ಬೆಳ್ಳಗೆ, ಒಳಗೆ ಹುಳ."

"ಓಬಳಾಪುರದ ಕಬ್ಬಿಣಪ್ಪ ಅದು" ಎಂದ ದೊಡ್ಡತಿಮ್ಮಪ್ಪ, ಮೊದಲಿಗಿಂತ ಮೆಲ್ಲಗೆ.

"ಅಲ್ಲಿ ಮಣ್ಣು ಯಾಕೆ ಕೆಂಪು ಯಜಮಾನ್ರೆ? ಈ ಗುಂಡಿ ಕೆಸರು ಯಾಕೆ ಕೆಂಪು? ಕಬ್ಣ ಬಂದದ್ದೇ ಮಣ್ಣಿಂದ. ನಾವು ಕಾಯದೆ ಬಿಟ್ರೆ ಮಣ್ಣಿಗೇ ವಾಪಸ್ ಹೊಂಟೋಗ್ತದೆ."

ದೊಡ್ಡತಿಮ್ಮಪ್ಪ ಗುಂಡಿಯನ್ನೂ ಕೈಯಲ್ಲಿದ್ದ ಹಗ್ಗವನ್ನೂ ನೋಡಿದ. ಆಮೇಲೆ ಸೊಸೆಯ ಕಡೆ ನೋಡಿ, "ನೀ ಕುಂದರವ್ವ, ನಿಂತ ಇದ್ದೀಯಲ್ಲ" ಎಂದ. ಅವನ ಬಾಯಲ್ಲಿ ತಪ್ಪಾಯಿತು ಎನ್ನುವ ಮಾತು ಬರುವುದು ಹೀಗೆಯೇ.

ಆ ವರ್ಷ ಆಯುಧಪೂಜೆ ಅಂಗಳದಲ್ಲೇ ಆಯಿತು. ಹೊಸ ಮಿಷನ್ನು ಕೆಳಗೇ ಕುಂಬಳಕಾಯಿ ಒಡೆಸಿಕೊಂಡಿತು. ಮಾರನೆಯ ವಾರ ಜುಂಜಣ್ಣ ಕೆಲಸ ಹಿಡಿದ. ಕೆಟ್ಟ ಕಂಬ ಮತ್ತು ಎರಡು ಮೆಟ್ಟಿಲು ಕತ್ತರಿಸಿ ತೆಗೆದ, ಸವೆದ ಕಬ್ಬಿಣವನ್ನು ಯಾವ ಬಣ್ಣವೂ ಬದುಕಿಸುವುದಿಲ್ಲ. ಅದರ ಜಾಗಕ್ಕೆ ಸತು ಲೇಪಿಸಿದ ಜಿ.ಐ. ಕಂಬ ತಂದ. ಸತು ತಾನು ಸವೆಯುತ್ತ ಕಬ್ಬಿಣವನ್ನು ಕಾಯುತ್ತದೆ. ಬೆಸೆದ ಕಡೆ ಸತು ಸುಟ್ಟುಹೋಗುವುದರಿಂದ ಅಲ್ಲಿ ಸತುವಿನ ಬಣ್ಣ ಮುಟ್ಟಿಸಿದ. ನೆಲದಿಂದ ಒಂದು ಗೇಣು ಎತ್ತರಕ್ಕೆ ಸಿಮೆಂಟಿನ ದಿಂಡು ಕಟ್ಟಿ, ನೀರು ನಿಲ್ಲದಂತೆ ಇಳಿಜಾರು ಕೊಟ್ಟು, ಅದರ ಮೇಲೆ ಕಂಬ ನಿಲ್ಲಿಸಿದ. ಟೊಳ್ಳು ಕಂಬದ ತಲೆಗೆ ಮುಚ್ಚಳ ಬೆಸೆದ. ಇನ್ನೊಂದು ಕಂಬವನ್ನೂ ಮಣ್ಣಿನಿಂದ ಬಿಡಿಸಿ ಹಾಗೆಯೇ ಕೂರಿಸಿದ.

ಉಳಿದ ಹಳೆಯ ಕಬ್ಬಿಣಕ್ಕೆ ಅಪ್ಪ ಮಗ ಇಬ್ಬರೂ ಕೂತರು. ತಂತಿ ಬ್ರಷ್ಷಿನಿಂದ ತಿಕ್ಕಬೇಕು, ಆಮೇಲೆ ಉಪ್ಪುಕಾಗದ ಹಿಡಿಯಬೇಕು ಎಂದಾಗ ಪಾಲಮ್ಮ ಬೆಚ್ಚಿದಳು. ಅದರಲ್ಲಿ ಉಪ್ಪಿಲ್ಲ, ಬರೀ ಮರಳು ಎಂದು ಸಂಧ್ಯಾ ಕಾಗದವನ್ನು ಅವಳ ಕೈಗೆ ಕೊಟ್ಟು ತೋರಿಸಿದಳು. ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಬಿಸಿಲಿರುವಾಗಲೇ ಅದೇ ದಿನ ತುಕ್ಕು ತಡೆಯುವ ರೆಡ್ ಆಕ್ಸೈಡ್ ಹಚ್ಚಿದರು. ಅದು ಒಣಗಿದ ಮೇಲೆ ಇನ್ನೊಂದು ಕೈ. ಮೆಟ್ಟಿಲಿನ ಅಡಿಗೆ, ಸಂದಿಗೆ, ಬೋಲ್ಟಿನ ಸುತ್ತ ಮೊದಲು ಹಚ್ಚಿದರು, ತುಕ್ಕು ಹುಟ್ಟುವುದು ಯಾರೂ ನೋಡದ ಕಡೆಯೇ.

ಕೊನೆಯ ಬಣ್ಣದ ಪ್ರಶ್ನೆ ಮತ್ತೆ ಎದ್ದಾಗ ಅದನ್ನು ತೀರ್ಮಾನಿಸಿದವಳು ಸಂಧ್ಯಾ. "ಹಸಿರೂ ಬ್ಯಾಡ, ಕಾಫಿನೂ ಬ್ಯಾಡ ಮಾವ. ಅವುಗಳ ಮೇಲೆ ತುಕ್ಕು ಬೇಗ ಕಾಣಲ್ಲ. ತಿಳಿ ಬೂದು ಹಚ್ಚಿ. ಒಂದು ಕೆಂಪು ಚುಕ್ಕೆ ಬಂದ್ರೂ ಅತ್ತೆಗೆ ಅಡುಗೆಮನೆಯಿಂದ್ಲೇ ಕಾಣ್ತದೆ."

ಪಾಲಮ್ಮ ದೃಷ್ಟಿ ತೆಗೆಯುವುದನ್ನು ಬಿಡಲಿಲ್ಲ. ಬಿಡು ಎಂದು ಯಾರೂ ಹೇಳಲೂ ಇಲ್ಲ. ಉಪ್ಪನ್ನು ಈಗ ಬೋಗುಣಿಯ ನೀರಿನಲ್ಲಿ ಕರಗಿಸಿ ಚರಂಡಿಗೆ ಹಾಕುತ್ತಾಳೆ. ಮಳೆಗಾಲದ ಮುಂಚೆ ಒಂದು ಸಲ, ಮಳೆಗಾಲ ಕಳೆದ ಮೇಲೆ ಒಂದು ಸಲ ಸಣ್ಣ ಸುತ್ತಿಗೆ ಹಿಡಿದು ಎರಡೂ ಕಂಬಗಳನ್ನು ಬುಡದವರೆಗೆ ತಟ್ಟಿ ಕೇಳುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಕಬ್ಬಿಣ ಇದೆ. ಮೆಟ್ಟಿಲು, ನೀರಿನ ತೊಟ್ಟಿ ಹೊತ್ತ ಕಂಬ, ತಗಡಿನ ಶೆಡ್ಡು, ತೊಟ್ಟಿಲು ತೂಗುವ ಕೊಂಡಿ. ಇವತ್ತೇ ಎದ್ದು ಅದರ ಬುಡ ನೋಡಿ, ತಟ್ಟಿ ಕೇಳಿ. ದಪ್ ಎಂದರೆ, ಬಣ್ಣ ಉಬ್ಬಿದ್ದರೆ, ಚಕ್ಕೆ ಏಳುತ್ತಿದ್ದರೆ ಅದರ ಮೇಲೆ ಯಾರನ್ನೂ ಹತ್ತಿಸಬೇಡಿ, ಅದರ ಕೆಳಗೆ ಯಾರನ್ನೂ ಮಲಗಿಸಬೇಡಿ, ಬಲ್ಲವರನ್ನು ಕರೆಸಿ. ಗಟ್ಟಿ ಇದ್ದರೆ ಗಟ್ಟಿ ಇರುವಾಗಲೇ ತಿಕ್ಕಿ, ಒಣಗಿಸಿ, ಬಣ್ಣ ಹಚ್ಚಿ. ಬಚ್ಚಲ ನೀರು, ಬ್ಲೀಚಿಂಗ್ ನೀರು, ಉಪ್ಪು, ಹಸಿ ಮಣ್ಣು ಅದರ ಬುಡಕ್ಕೆ ಸೇರದಂತೆ ಕಾಯಿರಿ. ಸದ್ದು ಕೇಳಿ ಹೆದರಿದ್ದರೆ ಆ ಹೆದರಿಕೆಯನ್ನು ಮುಚ್ಚಿಡಬೇಡಿ. ಪಾಲಮ್ಮನ ಭಯ ಸುಳ್ಳಾಗಿರಲಿಲ್ಲ, ಅವಳು ಹಿಡಿದ ಮದ್ದು ಮಾತ್ರ ಬೇರೆಯದಾಗಿತ್ತು.

ಡಿಸೆಂಬರಿನಲ್ಲಿ ಸಂಧ್ಯಾಗೆ ಹೆಣ್ಣು ಮಗುವಾಯಿತು. ಅಷ್ಟರೊಳಗೆ ಮೆಟ್ಟಿಲಿಗೆ ತಿಳಿ ಬೂದು ಬಣ್ಣ ಹಚ್ಚಿಯಾಗಿತ್ತು.